ಮೆಕ್ಯಾನಿಕ್ ಹತ್ತಿರವಿದ್ದ ಕೆಂಪು ಕಾರು

ಅತ್ತೆ ರೇಣುಕಾದೇವಿ ಮೈಸೂರಿನಿಂದ ಬಂದಿಳಿದ ದಿನದಿಂದ ಮುರಳೀಧರನ ಕೆಂಪು ಕಾರು ಮೆಕ್ಯಾನಿಕ್ ಹತ್ತಿರವೇ ಇತ್ತು. ಹಾಗಂತ ಅವನು ಅತ್ತೆಗೆ ಹೇಳಿದ್ದ. ಅಸಲಿಗೆ ಅದು ಅವನ ಕಾರೇ ಅಲ್ಲ. ತೊಂಬತ್ತೆರಡರಲ್ಲಿ, ಮದುವೆಗೆ ಮುಂಚೆ, ಅಮೆರಿಕದ ಶ್ಯಾಂಟಿಲಿಯ ಆಫೀಸಿನ ಪಾರ್ಕಿಂಗಿನಲ್ಲಿ ಬಾಸಿನ ಕೆಂಪು ಕಾರಿಗೆ ಒರಗಿ, ಅಂಗಡಿಗೆ ವಾಪಸ್ ಕೊಡಲೆಂದೇ ತಂದ ಕೋಟು ತೊಟ್ಟು ಫೋಟೋ ತೆಗೆಸಿಕೊಂಡಿದ್ದ. ಆ ಫೋಟೋ ನೋಡಿಯೇ ಅತ್ತೆ ಮಗಳು ಜಯಾಳನ್ನು ಕೊಟ್ಟಿದ್ದರೆಂದು ಅವನ ನಂಬಿಕೆ. ಈಗ ಮನೆ ಮುಂದೆ ನಿಂತಿದ್ದುದು ಡಿಕ್ಕಿಗೆ ಹಗ್ಗ ಬಿಗಿದ ಡಬ್ಬಾ ಕಾರು. ಅತ್ತೆಯ ಮುಂದೆ ಮಾನ ಹೋಗುವುದೊಂದೇ ಬಾಕಿ.

ಆ ಶನಿವಾರ, ಮನೆಯಲ್ಲಿದ್ದ ಕನ್ನಡ ಕ್ಯಾಸೆಟ್ಟುಗಳೆಲ್ಲ ಮುಗಿದಿದ್ದರಿಂದ, ಲೈಬ್ರರಿಯಿಂದ ಇಟಲಿಯದೊಂದು ಸಿನಿಮಾ ತಂದ. ಡಬ್ಬಿಯ ಮೇಲೆ ಹಡಗಿತ್ತು, ಸಮುದ್ರವಿತ್ತು. ಹಾಡು ಕುಣಿತ ಇರಬಹುದೆಂದುಕೊಂಡಿದ್ದ. ನೋಡಿದರೆ ಪರದೇಶದ ಹೋಟೆಲಿನಲ್ಲಿ ಪಾತ್ರೆ ಉಜ್ಜುವವನ ಗೋಳು! ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಅತ್ತೆಗೆ ಕನ್ನಡದಲ್ಲಿ ಹೇಳುವ ಕರ್ಮ ಬೇರೆ.

ಪಾತ್ರೆಯವನು ಬೀದಿಗೆ ಬಂದು, ಊರಿಗೆ ಕಳಿಸಲು, ಯಾರದೋ ಕಾರಿಗೆ ಒರಗಿ ಫೋಟೋ ತೆಗೆಸಿಕೊಂಡ. ಮುರಳಿ ರಿಮೋಟಿಗಾಗಿ ತಡಕಾಡಿದ.

“ಏನಂತೆ ಅಳಿಯಂದ್ರೇ?”

“ಹೊಸ ಕಾರು ತಗೊಂಡನಂತೆ ಅತ್ತೆ.”

“ಮತ್ತೆ ಆ ದಪ್ಪಗಿರೋನು ಯಾಕೆ ಕುತ್ತಿಗೆ ಹಿಡಿದು ದಬ್ತಿದಾನೆ?”

“ಅವನಾ? ಡ್ರೈವರ್. ತಲೆ ಸ್ವಲ್ಪ ಲೂಸು.”

ಜಯಾ ದುಪಟ್ಟಾ ಬಾಯಿಗೆ ತುರುಕಿಕೊಂಡು ಅಡುಗೆಮನೆಗೆ ಓಡಿದಳು. ಇಂಥ ಹೆಂಡತಿ ಇದ್ದರೆ ಬೇರೆ ಶತ್ರುಗಳು ಬೇಕಿಲ್ಲ.

“ಕೋಟಿನ ತೋಳಲ್ಲಿ ಚೀಟಿ ಬೇರೆ ನೇತಾಡ್ತಿತ್ತು,” ಎಂದರು ರೇಣುಕಾದೇವಿ.

ಮುರಳಿ ಟೀವಿ ನೋಡಿದ. ಅಲ್ಲಿದ್ದವನು ಕೋಟೇ ತೊಟ್ಟಿರಲಿಲ್ಲ.

“ನಿಮ್ ಫೋಟೋದಲ್ಲಿ ಕಣ್ರೀ. ಅಂಗಡಿ ಚೀಟಿ. ನಾನೇ ಆ ತೋಳಿನ ಕಡೆ ಕತ್ತರಿಸಿ, ಫ್ರೇಮ್ ಹಾಕ್ಸಿ, ಬೀದಿಗೆಲ್ಲಾ ತೋರಿಸ್ದೆ.”

“ಗೊತ್ತಿದ್ದೂ ಮಗಳನ್ನ ಕೊಟ್ರಾ?”

“ಜಯಾಗೆ ನೀವು ಹಿಡಿಸಿದ್ರಿ. ನಾನೇನು ಕಾರಿಗೆ ಮಗಳನ್ನ ಕೊಟ್ನಾ?”

ಮುರಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಇಷ್ಟು ವರ್ಷ ಆ ಹಾಳು ಕಾರನ್ನು ತಲೆಯ ಮೇಲೆ ಹೊತ್ತು ತಿರುಗಿದ್ದು ತಾನೊಬ್ಬನೇ.

ಅಷ್ಟರಲ್ಲಿ ಅತ್ತೆ ಒಳಗೆ ಹೋಗಿ ರೇಷ್ಮೆ ಸೀರೆ ಉಟ್ಟು ಬಂದರು.

“ಪಕ್ಕದ್ಮನೆಯವರ ಬಿಳೀ ಕಾರು ಚೆನ್ನಾಗಿದೆ. ಅವರು ಹೊರಗೆ ಬರೋದ್ರೊಳಗೆ ಒಂದು ಫೋಟೋ ತೆಗೀರಿ. ಅಳಿಯನ ಕಾರು ಹೇಗಿದೆ ಅಂತ ಊರಲ್ಲಿ ಎದುರುಮನೆ ಶಿವಕ್ಕ ಕೇಳ್ತಾಳೆ.”

ಮುರಳಿ ಕ್ಯಾಮೆರಾ ಹಿಡಿದ. ಅತ್ತೆ ಬಿಳಿ ಕಾರಿಗೆ ಒರಗಿ, ಸೆರಗು ಸರಿಮಾಡಿಕೊಂಡು, ಗತ್ತಿನಿಂದ ಕತ್ತೆತ್ತಿದರು.

“ನಿಮ್ಮ ಡಬ್ಬಾದ ಹಗ್ಗ ಫೋಟೋದಲ್ಲಿ ಬೀಳದ ಹಾಗೆ ತೆಗೀರಿ. ಈ ಸಲ ಕತ್ತರಿ ಹಿಡಿಯೋಕೆ ನಂಗಾಗಲ್ಲ.”