ಹೇಗ್ಗೊತ್ತು ಮೇಷ್ಟ್ರ ಕಿವಿ ಪರೀಕ್ಷೆ

ಇದು ಕೇಳಿಸಿತೋ, ಇಲ್ಲಾ ಕೇಳಿಸಿತು ಅಂತ ಅನಿಸಿತೋ — ಮೇಷ್ಟ್ರ ಹೆಬ್ಬೆರಳು ಗುಂಡಿಯ ಮೇಲೆ ಹಾಗೇ ನಿಂತಿದೆ, ಬಲಗಿವಿಯ ಆಳದಲ್ಲೆಲ್ಲೋ ಒಂದು ಸಣ್ಣ ಕುಂಯ್, ಬಂತು ಅನ್ನುವಷ್ಟರಲ್ಲಿ ಹೋಯಿತು, ಒತ್ತಲೇ, ಬೇಡವೇ, ಥತ್, ಒತ್ತಿಯೇಬಿಟ್ಟರು. ಗಾಜಿನಾಚೆ ಕೂತ ಕಿವಿ ಡಾಕ್ಟರಮ್ಮ ತಲೆ ಎತ್ತಲಿಲ್ಲ, ಅವಳ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮಗಳು, ತೊಡೆಯ ಮೇಲೆ ಅಪ್ಪನ ಕನ್ನಡಕದ ಡಬ್ಬಿ. ಕೇಳಿಸಿದ್ರೆ ಮಾತ್ರ ಒತ್ತಿ ಸರ್, ಎಷ್ಟು ಸಣ್ಣಗಿದ್ರೂ ಪರವಾಗಿಲ್ಲ, ಊಹೆ ಮಾತ್ರ ಬೇಡ, ಅಂದಿದ್ದಳು ಆಕೆ ಹೆಡ್‌ಫೋನ್ ಸಿಕ್ಕಿಸುತ್ತಾ, ಆಹಾ, ಯಾರಿಗೆ ಹೇಳ್ತಿದೀಯಮ್ಮ ತಾಯಿ, ಊಹೆ ಬೇಡ ಅನ್ನೋ ಒಂದು ಮಾತನ್ನೇ ಜೀವಮಾನವಿಡೀ ಮಾರಿಕೊಂಡು ಹೊಟ್ಟೆ ಹೊರೆದ ತತ್ವಶಾಸ್ತ್ರದ ಮೇಷ್ಟ್ರು ಇವರು, ಕಾಲೇಜಿನಲ್ಲಿ ಹೇಗ್ಗೊತ್ತು ಮೇಷ್ಟ್ರು ಅಂತಲೇ ಹೆಸರು, ಯಾವ ಹುಡುಗ ಎದ್ದು ನಿಂತು ಏನು ಹೇಳಿದರೂ ಇವರದು ಒಂದೇ ಪ್ರಶ್ನೆ, ಸರಿ, ನಿಂಗೆ ಹೇಗ್ಗೊತ್ತು, ಎಲ್ಲರೂ ಹಾಗೇ ಅಂತಾರೆ ಸರ್, ಎಲ್ಲರಿಗೂ ಹೇಗ್ಗೊತ್ತು, ಕೂತ್ಕೋ. ಬೋರ್ಡಿನ ಎಡಗಡೆ ಅನಿಸಿಕೆ, ಬಲಗಡೆ ಸತ್ಯ, ನಡುವೆ ಉದ್ದಕ್ಕೊಂದು ಗೆರೆ, ಈ ಗೆರೆ ದಾಟೋಕೆ ಪಾಸ್‌ಪೋರ್ಟ್ ಬೇಕು ಕಣ್ರಯ್ಯಾ, ಬರೀ ಧೈರ್ಯ ಸಾಲದು. ಹೆಂಡತಿ ನಗುತ್ತಿದ್ದಳು, ಒಲೆ ಮೇಲೆ ಹಾಲು ಉಕ್ತಾ ಇದೆ ರೀ ಅಂದ್ರೂ ನಿಂಗೆ ಹೇಗ್ಗೊತ್ತು ಅಂತೀರಲ್ಲ, ನಿಮ್ಮನ್ನ ಕಟ್ಕೊಂಡು — ಮಾತು ಮುಗಿಸದೆ ಒಲೆಯತ್ತ ಓಡುತ್ತಿದ್ದಳು. ಈಗ ಹಾಲು ಕಾಯಿಸುವವರು ಇವರೇ, ದಿನಾ ಉಕ್ಕಿಸುತ್ತಾರೆ.

ಕುಂಯ್ — ಇದು ಖಂಡಿತ, ಒತ್ತು. ಅವಳು ಕರೀಲೇ ಇಲ್ಲ, ಕರೆದಿದ್ರೆ ನಂಗೆ ಕೇಳ್ತಿತ್ತು, ಬಾಗಿಲಿಂದ ಎರಡು ಮಾರು ದೂರದಲ್ಲಿ ಕೂತಿದ್ದೆ — ಎಷ್ಟು ಜನಕ್ಕೆ ಹೇಳಿದರು ಈ ಮಾತನ್ನ, ಭಾವಮೈದನಿಗೆ, ಎದುರು ಮನೆಯವರಿಗೆ, ನೋಡೋಕೆ ಬಂದ ಹಳೇ ಶಿಷ್ಯರಿಗೆ, ಹೇಳ್ತಾ ಹೇಳ್ತಾ ಮಾತು ನುಣ್ಣಗಾಗಿ ಬಾಯಲ್ಲಿ ತಾನೇ ಉರುಳತೊಡಗಿತು. ಹೋದ ಬೇಸಿಗೆಯ ಒಂದು ಬೆಳಿಗ್ಗೆ, ಹೆಂಡತಿ ಸ್ನಾನಕ್ಕೆ ಹೋದಳು, ಬಚ್ಚಲ ಬಾಗಿಲು ಹಾಕಿಕೊಂಡಳು, ಇವರು ಪೇಪರ್ ಹಿಡಿದು ಕೂತರು, ಮೊದಲ ಪುಟ, ಆಮೇಲೆ ಸಂಪಾದಕೀಯ, ಯಾವನೋ ಬರೆದದ್ದರಲ್ಲಿ ತಪ್ಪು ಹುಡುಕುತ್ತಾ, ಹೇಗ್ಗೊತ್ತಯ್ಯ ನಿಂಗೆ ಅಂತ ಅವನನ್ನೂ ಕೇಳುತ್ತಾ, ಬಾಗಿಲ ಸಂದಿಯಿಂದ ನೀರು ಹರಿದು ಬಂದು ಅಂಗಾಲಿಗೆ ತಣ್ಣಗೆ ತಾಕಿದಾಗಲೇ ಎದ್ದದ್ದು. ಬಿದ್ದಿದ್ದಳು. ಡಾಕ್ಟರು ಅಂದರು, ಬಿದ್ದ ತಕ್ಷಣ ಜೀವ ಹೋಗಿರಲಿಕ್ಕಿಲ್ಲ, ಸ್ವಲ್ಪ ಹೊತ್ತು ಎಚ್ಚರ ಇದ್ದಿರಬಹುದು — ಇರಬಹುದು, ಇರಲಿಕ್ಕಿಲ್ಲ, ಅದೂ ಒಂದು ಅನಿಸಿಕೆ ತಾನೇ, ಅಂತ ಮನಸ್ಸಿನಲ್ಲೇ ಗೆರೆಯ ಎಡಗಡೆ ಬರೆದಿಟ್ಟುಕೊಂಡರು. ಟಿವಿ ಸದ್ದು ಜಾಸ್ತಿ ಅಪ್ಪ ಅನ್ನುವಳು ಮಗಳು, ಆಯ್ತು ಬಿಡು, ಈಗಿನವರು ಮಾತಾಡೋದೇ ಬಾಯೊಳಗೆ ಅನ್ನುವರು ಇವರು. ಆದರೆ ಮೊನ್ನೆ, ಮೊನ್ನೆ ಅದೇ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತಿದ್ದಾಗ ಮಗಳು ಇದ್ದಕ್ಕಿದ್ದ ಹಾಗೆ ಎದುರಿಗೆ ನಿಂತಿದ್ದಳು, ಕೈಯಲ್ಲಿ ಬೀಗದ ಕೈ, ಎಷ್ಟು ಹೊತ್ತಿಂದ ಬೆಲ್ ಮಾಡ್ತಿದೀನಿ ಅಪ್ಪ, ಕೂಗಿದೆ, ಬಾಗಿಲು ಬಡಿದೆ, ಅಂದವಳು ಬಚ್ಚಲ ಬಾಗಿಲ ಕಡೆ ನೋಡಿದಳು, ಒಂದೇ ಗಳಿಗೆ, ಆಮೇಲೆ ತರಕಾರಿ ಚೀಲ ಎತ್ತಿಕೊಂಡು ಒಳಗೆ ಹೋದಳು. ಕಿವಿ ತೋರಿಸಿಕೊಂಡು ಬರೋಣ ನಡಿ ಅಂತ ಇವರೇ ಬಾಯಿಬಿಟ್ಟು ಹೇಳಿದ್ದು ಆ ಸಂಜೆ.

ಸದ್ದಿಲ್ಲ. ಈ ಪೆಟ್ಟಿಗೆಯಂಥ ಕೋಣೆಯ ಗೋಡೆಗೆಲ್ಲ ಸ್ಪಂಜು, ಉಸಿರನ್ನೂ ಹೀರಿಕೊಳ್ಳುತ್ತೆ, ಎಷ್ಟು ಹೊತ್ತಾಯ್ತು ಸದ್ದು ಬಂದು, ಇಷ್ಟು ಹೊತ್ತಿಗೆ ಒಂದು ಬರಬೇಕಿತ್ತಲ್ಲ, ಒತ್ತು — ಛೆ, ಬರಬೇಕಿತ್ತು ಅನ್ನೋದು ಬಂತು ಅಂತ ಆಗುತ್ತಾ. ಸಾಲಾಗಿ ನಿಲ್ಲಿಸು ಸತ್ಯ ತಿಳಿಯೋ ಎಲ್ಲಾ ಉಪಾಯಗಳನ್ನ, ಪಾಠ ಮಾಡಿದ್ದೀಯಲ್ಲ. ಮೊದಲು ಪದವನ್ನ ಹಿಡಿದು ಕೇಳು ಅಂದಿದ್ದರು ಹಿಂದಿನವರು, ಕೇಳೋದು ಅಂದ್ರೇನು, ಸದ್ದು ಕಿವಿಗೆ ಬೀಳೋದಾ, ಮನಸ್ಸಿಗೆ ಬೀಳೋದಾ, ಪೇಪರ್‌ನಲ್ಲಿ ಮುಳುಗಿದವನ ಕಿವಿಗೆ ಬಿದ್ದದ್ದು ಬಿದ್ದ ಲೆಕ್ಕವೋ — ಇದು ಬೇಡ, ಇದು ಕುತ್ತಿಗೆಗೆ ಬರುತ್ತೆ. ಸಂದೇಹಕ್ಕೆ ಜಾಗ ಇರೋದನ್ನೆಲ್ಲ ಎತ್ತಿ ಆಚೆ ಹಾಕು, ಏನು ಉಳಿಯುತ್ತೋ ಅದು ಸತ್ಯ, ಸರಿ, ಹಾಕಿದ್ದಾಯ್ತು, ಉಳಿದದ್ದೇನು, ಅಂಗಾಲಿಗೆ ತಾಕಿದ ನೀರು, ಅಷ್ಟೇ. ಗೊತ್ತಿರೋ ಬೇರೆ ಸಂಗತಿಗಳ ಜೊತೆ ಹೊಂದುತ್ತಾ ನೋಡು, ಸೂಜಿಗೆ ದಾರ ಪೋಣಿಸೋಕೂ ಕರೆಯುವವಳು, ಜಿರಳೆ ಕಂಡರೆ ಬೀದಿಗೆಲ್ಲ ಕೇಳಿಸುವ ಹಾಗೆ ರೀ ಅಂತಿದ್ದವಳು, ಬಿದ್ದ ಮೇಲೆ ಸುಮ್ಮನೆ ಮಲಗಿದ್ದಳು ಅನ್ನೋದು ಹೊಂದೋ ಮಾತಾ. ಕೊನೆಯದು — ಸುಳ್ಳಾಗೋಕೆ ಅವಕಾಶ ಕೊಡು ನಿನ್ನ ಮಾತಿಗೆ, ಪರೀಕ್ಷೆಗೆ ಒಡ್ಡು, ಅದರಲ್ಲೂ ಉಳಿದ್ರೆ ಆಗ ಎದೆ ತಟ್ಟಿ ಹೇಳು. ಸುಸ್ತು. ಸಾಕಪ್ಪಾ ಸಾಕು, ಎಲ್ಲಾ ಬಿಟ್ಟು ಮನೆಗೆ ಹೋಗಿ ಮಲಗಬೇಕು ಅನಿಸುತ್ತೆ, ಒತ್ತು, ಒತ್ತು. ಬಾಗಿಲು ತೆರೆಯಿತು, ಡಾಕ್ಟರಮ್ಮ ಬಂದು ಹೆಡ್‌ಫೋನ್ ಸರಿಸಿ, ಬಗ್ಗಿ, ಮೆತ್ತಗೆ ಹೇಳಿದಳು, ಬೇಜಾರು ಮಾಡ್ಕೋಬೇಡಿ ಸರ್, ನಾನು ಸದ್ದು ಕೊಡದೇ ಇದ್ದಾಗ್ಲೂ ಒತ್ತುತ್ತಾ ಇದೀರಿ. ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗನ ಹಾಗೆ ಮೇಷ್ಟ್ರು ನೆಲ ನೋಡಿದರು.

ಆಮೇಲಿನದು ಮಾತಿನ ಪರೀಕ್ಷೆ, ತುಟಿ ನೋಡಿ ಊಹೆ ಮಾಡಬಾರದು ಅಂತ ಬಾಯಿಗೆ ಅಡ್ಡ ಒಂದು ಬಿಳಿ ಕಾಗದ ಹಿಡಿದು ಆಕೆ ಮೈಕಿನಲ್ಲಿ ಒಂದೊಂದೇ ಪದ ಹೇಳಿದಳು, ಮರ, ಹೂವು, ಮನೆ, ಕಾಗದ ಅಲುಗುತ್ತೆ, ಪದ ಬರುತ್ತೆ, ಇವರು ತಿರುಗಿ ಹೇಳುತ್ತಾರೆ, ಎಲ್ಲಾ ಸರಿ, ನೋಡಿದೆಯಾ, ಕೇಳುತ್ತಲ್ಲ, ಎದೆಯ ಮೇಲಿಂದ ಏನೋ ಇಳಿದ ಹಾಗಾಯಿತು, ಇಲ್ಲಿಗೇ ಎದ್ದು ಹೋಗಬಹುದಿತ್ತು. ಆದರೆ ಇದು ಎದುರಿಗೆ ಕೂತು ಆಡಿದಷ್ಟು ಜೋರಿನ ಮಾತು ಸರ್ ಅಂದಳು ಆಕೆ, ಮತ್ತೆ ಇವರ ಬಾಯಿ, ಸುಮ್ಮನಿರಲಾರದ ಹಾಳು ಬಾಯಿ, ಹಾಕಿದ ಬಾಗಿಲಾಚೆಯಿಂದ ಕರೆದರೆ ಎಷ್ಟು ಬರುತ್ತೋ ಅಷ್ಟಕ್ಕೆ ಇಳಿಸಿ ನೋಡ್ತೀರಾ, ನೀವಲ್ಲ, ನನ್ನ ಮಗಳು ಕರೀಲಿ, ಅವಳದು ಅವಳಮ್ಮನ ಗಂಟಲೇ, ಫೋನಿನಲ್ಲಿ ನೆಂಟರೆಲ್ಲ ಮೋಸ ಹೋಗ್ತಿದ್ರು. ಮಗಳು ದಡಬಡ ಎದ್ದು ಒಳಗೆ ಬಂದಳು, ಅಪ್ಪನ ಕಿವಿಯಿಂದ ಹೆಡ್‌ಫೋನ್ ಎತ್ತಿ ಹಿಡಿದಳು, ಬೇಡ ಅಪ್ಪ, ಗೊತ್ತಾಗಿ ಏನಾಗ್ಬೇಕು, ಅಮ್ಮ ಕರೀಲಿಲ್ಲ ಅಂತಾನೇ ಇರ್ಲಿ ಬಿಡು, ನಾನೂ ಹಾಗೇ ಅಂದ್ಕೊಂಡಿದೀನಿ — ಅಂದ್ಕೊಂಡಿದೀಯಾ, ಅಂದ್ಕೊಳ್ಳೋಕೆ ಎಷ್ಟು ಕಷ್ಟ ಪಡ್ತಿದೀಯಾ ಮಗಳೇ, ನನಗೆ ಕಾಣಲ್ವಾ, ನಂಗೂ ಸಾಕಾಗಿದೆ, ಹೋಗು, ಕರಿ, ಅಂತ ಹೆಡ್‌ಫೋನ್ ಮತ್ತೆ ಕಿವಿಗೆ ಸಿಕ್ಕಿಸಿಕೊಂಡರು. ಹೋದಳು. ಮೈಕಿನ ಮುಂದೆ ಕೂತಳು, ಡಾಕ್ಟರಮ್ಮ ಯಂತ್ರದ ತಿರುಪನ್ನು ತಿರುಗಿಸಿ ಸದ್ದು ಇಳಿಸಿದಳು, ಮಗಳ ಅರ್ಧ ಮುಖಕ್ಕೆ ಕಾಗದ ಬಂತು, ಮೇಲೆ ಎರಡು ಕಣ್ಣು. ಮೇಷ್ಟ್ರು ಉಸಿರು ಬಿಗಿಹಿಡಿದರು, ಈ ಸಲ ಮೋಸ ಇಲ್ಲ, ಊಹೆ ಇಲ್ಲ, ಅನಿಸಿದರೆ ಒತ್ತೋಲ್ಲ, ಕೇಳಿಸಿದರೆ ಮಾತ್ರ, ಅವಳು ಕರೆಯಲಿ, ಕರೆದರೆ ಕೇಳೇ ಕೇಳುತ್ತೆ, ಇನ್ನೂ ಶುರು ಮಾಡಿಲ್ಲ, ಗಂಟಲು ಸರಿಮಾಡಿಕೊಳ್ತಿರಬೇಕು, ಪಾಪ, ಹೆದರಿದಾಳೆ, ಸಾವಕಾಶವಾಗಿ ಕರೀಲಿ, ಅವಸರ ಏನಿಲ್ಲ, ಎಷ್ಟು ನಿಶ್ಶಬ್ದ, ಇಲ್ಲ, ಇನ್ನೂ ಕರೆದಿಲ್ಲ ಇವಳು, ಕರೆದಿದ್ರೆ ನಂಗೆ ಕೇಳ್ತಿತ್ತು — ಡಾಕ್ಟರಮ್ಮ ಯಾಕೆ ತಲೆ ತಗ್ಗಿಸಿದಳು, ಮಗಳ ಕಣ್ಣು ಯಾಕೆ ತುಂಬಿವೆ, ಕಾಗದ — ಕಾಗದ ಅಲುಗುತ್ತಿದೆ, ನಿಂತಿತು, ಅಲುಗಿತು, ನಿಂತಿತು, ಮತ್ತೆ, ಬಿಳೀ ಕಾಗದ, ಅಲುಗುತ್ತಿದೆ, ಕಾಗದ ಅಲುಗುತ್ತಿದೆ