ಅಲುಗದ ಚೌಕಟ್ಟು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅತ್ತಿಗೆ ಎಲ್ಲರ ಮುಂದೆ ಹೇಳುತ್ತಾಳೆ. ಇರಲಿ, ಮೂಗು ನನ್ನದು ತಾನೇ? ಅಣ್ಣನ ಮರಗೆಲಸದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ವರ್ಷಗಟ್ಟಲೆ ಉಪ್ಪುಕಾಗದ ಉಜ್ಜಿದರೆ ಯಾರಿಗಾದರೂ ಕೋಪ ಬರುತ್ತದೆ. ಅಣ್ಣ ಮಂಚ, ಬೀರುಗಳನ್ನು ಬಿಡಿಬಿಡಿಯಾಗಿ ಮಾಡಿ ಗಿರಾಕಿಗಳ ಮನೆಯಲ್ಲೇ ಜೋಡಿಸಿ ಬರುತ್ತಿದ್ದ. ಹೆಸರು ಅವನದು, ಧೂಳು ನನ್ನದು.

ಅದಕ್ಕೇ ಸಿಎನ್‌ಸಿ ರೌಟರ್ ಕಟ್ಟಲು ಹೊರಟೆ. ಕಂಪ್ಯೂಟರ್ ಹೇಳಿದಂತೆ ತಾನೇ ಓಡಾಡಿ ಮರ ಕೆತ್ತುವ ಯಂತ್ರ ಅದು. ಬಸ್ ನಿಲ್ದಾಣದ ಪಕ್ಕ ಒಂದು ಪುಟ್ಟ ಮಳಿಗೆಯನ್ನೂ ಗೊತ್ತುಮಾಡಿದ್ದೆ. ಯಂತ್ರ ಆದ ಮೇಲೆ ಅಲ್ಲಿಗೆ ಹೋಗುತ್ತೇನೆ, ನನ್ನ ಬೋರ್ಡು ಹಾಕುತ್ತೇನೆ ಎಂದು ಅಣ್ಣನಿಗೆ ನೇರವಾಗಿಯೇ ಹೇಳಿದೆ.

"ಆಗ್ಲಿ," ಎಂದ. "ಇಲ್ಲೇ ಹಿಂದಿನ ಕೋಣೇಲಿ ಕಟ್ಟು. ಜಾಗಕ್ಕೇನು ಕಮ್ಮಿ?"

ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ಅನುಮಾನ ಬರಬೇಕಿತ್ತು. ನಾನೋ, ಹಿಗ್ಗಿ ಹೀರೇಕಾಯಿಯಾದೆ.

ಒಂದೊಂದು ಭಾಗವನ್ನೂ ಅಳೆದು ಸುರಿದು ಆರಿಸಿದೆ. ಕಟರನ್ನು ಓಡಾಡಿಸಲು ಬೆಲ್ಟ್ ಬೇಡ, ಬರುಬರುತ್ತಾ ಸಡಿಲವಾಗುತ್ತದೆ, ತಿರುಪಿನ ಸರಳು, ಅಂದರೆ ಬಾಲ್‌ಸ್ಕ್ರೂ ಇರಲಿ. ಅದು ಜಾರುವ ಹಳಿಗೆ ದುಂಡು ಸರಳು ಹಾಕಿದರೆ ಭಾರಕ್ಕೆ ಬಾಗುತ್ತದೆ. ಚಪ್ಪಟೆ ರೈಲು ಇರಲಿ. ಕಟರ್ ತಿರುಗಿಸುವ ಸ್ಪಿಂಡಲ್ ಗಾಳಿಯಲ್ಲಿ ತಣಿಯುವಂಥದ್ದಾದರೆ ಅತ್ತಿಗೆಗಿಂತ ಜೋರಾಗಿ ಕಿರುಚುತ್ತದೆ, ನೀರಿನದ್ದೇ ಸರಿ. ಉಳಿದದ್ದು ಚೌಕಟ್ಟು. ಪ್ಲೈವುಡ್ ತೇವ ಕುಡಿದು ಉಬ್ಬುತ್ತದೆ, ಅದು ಬೇಡವೇ ಬೇಡ. ನನ್ನ ಮನಸ್ಸು ಅಲ್ಯೂಮಿನಿಯಂ ಮೇಲಿತ್ತು. ಬೋಲ್ಟ್ ಹಾಕಿ ಬಿಗಿಯುವುದು, ಬೇಕೆಂದಾಗ ಬಿಚ್ಚುವುದು.

"ಅಲ್ಯೂಮಿನಿಯಂ ಬೇಡಮ್ಮ," ಎಂದ ಅಣ್ಣ. "ಗಟ್ಟಿ ಮರಕ್ಕೆ ಕಟರ್ ತಾಗಿದ ತಕ್ಷಣ ನಡುಗುತ್ತೆ. ಕೆತ್ತನೆ ಮೇಲೆಲ್ಲ ಗೆರೆ ಬೀಳುತ್ತೆ. ಉಕ್ಕಿನ ಪೈಪ್ ತಗೋ, ಪೂರ್ತಿ ವೆಲ್ಡ್ ಮಾಡ್ಬಿಡೋಣ. ಕೂದಲೆಳೆಯಷ್ಟೂ ಅಲುಗಲ್ಲ."

"ಭಾರ ಆಗಲ್ವಾ?"

"ಭಾರ ಇದ್ರೇನೇ ಮರ್ಯಾದೆ."

ಮಾತು ಸರಿಯಾಗಿತ್ತು, ಒಪ್ಪಿಕೊಂಡೆ. ವೆಲ್ಡಿಂಗ್ ಯಂತ್ರವನ್ನು ಅವನೇ ತಂದ, ಅವನೇ ಬೆಸೆದ. ನಾನು ರೈಲುಗಳ ಅಡಿಗೆ ತೆಳ್ಳನೆಯ ತಗಡು ಕೊಟ್ಟು ಕೊಟ್ಟು, ಗೇಜಿನ ಮುಳ್ಳು ಕದಲದಂತೆ ಸಮ ಮಾಡಿದೆ. ಕೆಲಸ ಮುಗಿದಾಗ ಯಂತ್ರ ನನ್ನ ಎದೆಯ ಎತ್ತರಕ್ಕೆ, ಚಾಚಿದ ಎರಡು ತೋಳುಗಳ ಅಗಲಕ್ಕೆ ನಿಂತಿತ್ತು. ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ.

ಸಾಗಿಸುವ ದಿನ ವ್ಯಾನಿನವನು ಬಂದ. ಯಂತ್ರ ನೋಡಿದ, ಬಾಗಿಲು ನೋಡಿದ, ನನ್ನ ಮುಖ ನೋಡಿದ.

"ಅಕ್ಕ, ಇದು ಒಳಗೇ ಹುಟ್ಟಿದ್ದಾ?"

"ಹೂಂ."

"ಹಾಗಿದ್ರೆ ಒಳಗೇ ಇರುತ್ತೆ ಬಿಡಿ."

ಮಲಗಿಸಿದೆವು, ನಿಲ್ಲಿಸಿದೆವು, ಓರೆ ಮಾಡಿದೆವು. ಆಗಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಕೂದಲೆಳೆಯನ್ನು ಅಳೆದವಳು ಬಾಗಿಲು ಅಳೆದಿರಲಿಲ್ಲ. ಚೌಕಟ್ಟು ಕೊಯ್ದು ಮತ್ತೆ ಬೆಸೆದರೆ ಕಾವಿಗೆ ಸೊಟ್ಟಗಾಗುತ್ತದೆ, ರೈಲುಗಳು ಆಮೇಲೆ ಸಮ ಕೂರುವುದಿಲ್ಲ. ಬಾಗಿಲು ಒಡೆಯೋಣವೆಂದರೆ ಎರಡೂ ಕಡೆ ಕಾಂಕ್ರೀಟ್ ಕಂಬ, ಮೇಲೆ ನಮ್ಮ ಮನೆ, ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ.

ವ್ಯಾನ್ ಖಾಲಿ ಹೋಯಿತು. ಆಗ ನನಗೆ ಮಂಚಗಳು ನೆನಪಾದವು. ಎಲ್ಲವೂ ಬಿಡಿಬಿಡಿಯಾಗಿ ಹೋಗುತ್ತಿದ್ದದ್ದು ಇದೇ ಬಾಗಿಲಲ್ಲಿ.

"ಅಣ್ಣ, ಈ ಬಾಗಿಲು ಎಷ್ಟಗಲ?"

ಹೊಟ್ಟು ಗುಡಿಸುತ್ತಿದ್ದವನು ತಲೆಯೆತ್ತದೆ ಹೇಳಿದ: "ಮೂವತ್ನಾಲ್ಕೂವರೆ ಇಂಚು." ಹೇಳಿದ ಮೇಲೆ ಪೊರಕೆ ನಿಂತಿತು.

"ನಿಂಗೆ ಗೊತ್ತಿತ್ತು."

ಪೊರಕೆಯನ್ನು ಗೋಡೆಗೆ ಒರಗಿಸಿದ. "ನೀನು ಹೋದ್ರೆ ಈ ಅಂಗಡೀಲಿ ನಾನೊಬ್ನೇ ಕಣಮ್ಮ," ಎಂದ. "ಮಷಿನ್ ನಿಂದೇ. ಬೀಗದ ಕೈನೂ ನೀನೇ ಇಟ್ಕೋ. ಇಲ್ಲೇ ಮಾಡು, ಯಾರು ಬೇಡ ಅಂದ್ರು?"

ಅವನ ಕಣ್ಣಲ್ಲಿ ನೀರಿತ್ತು. ನಾಟಕವಾಗಿದ್ದರೆ ಜನ್ಮ ಜಾಲಾಡಿಬಿಡುತ್ತಿದ್ದೆ. ನಾಟಕವಲ್ಲ, ಅದೇ ನನ್ನ ಕರ್ಮ. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ. ಮೂಗಿನ ತುದಿಯ ಕೋಪ ಆವತ್ತು ಎಲ್ಲಿ ಹೋಗಿತ್ತೋ, ಅಲ್ಲೇ ಕೂತುಬಿಟ್ಟೆ.

ಮಳಿಗೆಗೆ ಬೇರೆ ಯಾರೋ ಬಂದರು. ಒಂದು ಬೆಳಿಗ್ಗೆ ಅಣ್ಣ ಮಂಚದ ತಲೆಹಲಗೆಯೊಂದನ್ನು ತಂದು ಯಂತ್ರದ ಮೇಲೆ ಬಿಗಿದ. ಚೌಕಟ್ಟಿನ ಮೇಲೆ ನೀರು ತುಂಬಿದ ಲೋಟವಿಟ್ಟ. ನಾನು ಗುಂಡಿ ಒತ್ತಿದೆ. ಕಟರ್ ಗಟ್ಟಿ ಮರಕ್ಕೆ ಇಳಿದು ಹೂವಿನ ಬಳ್ಳಿ ಕೆತ್ತತೊಡಗಿತು.

"ನೋಡು, ನೀರು ಕದಲುತ್ತಾ?" ಎಂದು ಮಗುವಿನ ಹಾಗೆ ನಕ್ಕು, ಅತ್ತಿಗೆಯನ್ನು ಕರೆಯಲು ಮೇಲೆ ಓಡಿದ.

ಅವನು ಹೋದ ಮೇಲೆ ಯಂತ್ರ ನಿಲ್ಲಿಸಿದೆ. ಲೋಟ ತೆಗೆದು ಕೆಳಗಿಟ್ಟೆ. ಎರಡೂ ಕೈ ಕೊಟ್ಟು, ಕಾಲನ್ನು ಗೋಡೆಗೆ ಆನಿಸಿ, ಚೌಕಟ್ಟನ್ನು ಬಾಗಿಲ ಕಡೆಗೆ ನೂಕಿದೆ. ಅಣ್ಣ ಹೇಳಿದ್ದು ನಿಜ. ಕೂದಲೆಳೆಯಷ್ಟೂ ಅಲುಗಲಿಲ್ಲ.