ಟುಲಕ್ ಅವರ ಗಟ್ಟಿ ಓದು

"ಮಧ್ಯಾಹ್ನ ನಿಮ್ಮಿಬ್ಬರ ಜೊತೆ ನಾನೂ ಕೂರ್ತೀನಿ" ಎಂದು ಮಿಸ್ ರಾಂಕಿನ್ ಹೇಳಿ ಹೋದಾಗಲೇ ಇವತ್ತು ಗುಟ್ಟು ರಟ್ಟಾಗುತ್ತೆ ಅಂದುಕೊಂಡೆ. ಎಡಿನ್‌ಬರೋದ ನಮ್ಮ ನಿಘಂಟು ಕಚೇರಿಗೆ ಆಕೆಯೇ ಮುಖ್ಯ ಸಂಪಾದಕಿ. ಇವತ್ತೇ ಆಗಬೇಕಿತ್ತೇ ಈ ಮಹಾತಾಯಿಗೆ!

ಕರಡು ತಿದ್ದುವುದು ನಮ್ಮಲ್ಲಿ ಜೋಡಿ ಕೆಲಸ. ನಾನು ಪುಟದ ಮೊದಲ ಪದ ಕೂಗುತ್ತೇನೆ. ನನ್ನ ಜೊತೆಗಾರ ಟುಲಕ್ ಮೂಲ ಪ್ರತಿ ಹಿಡಿದು ಅಲ್ಲಿಂದ ಗಟ್ಟಿಯಾಗಿ ಓದುತ್ತಾರೆ, ನಾನು ಅಚ್ಚಿನ ಕರಡಿನ ಮೇಲೆ ಪೆನ್ಸಿಲ್ ಆಡಿಸುತ್ತೇನೆ. ಎರಡು ಕಾಗುಣಿತವಿರುವ ಪದ ಬಂದರೆ ಅಕ್ಷರ ಬಿಡಿಸಿ ಹೇಳಬೇಕು. ಹಳೆಯ ನಿಘಂಟಿನಲ್ಲಿ ಬ್ರಿಟಿಷ್ ರೂಪವೇ ಮೊದಲು. ಈಗ ಅಮೆರಿಕಕ್ಕೆಂದು ತರುತ್ತಿದ್ದ ಆವೃತ್ತಿಯಲ್ಲಿ ಕೆಲವು ಪದಗಳಿಗೆ ಅವರ ರೂಪ ಮೊದಲು, ಕೆಲವಕ್ಕೆ ಒಂದೇ ರೂಪ. ಹಾಳೆ ನೋಡದೆ ಹೇಳಲು ಸಾಧ್ಯವೇ ಇಲ್ಲ.

ಟುಲಕ್ ನೋಡದೆಯೇ ಹೇಳುತ್ತಿದ್ದರು. ಅವರ ಕಣ್ಣು ಹೋಗಿತ್ತು. ಹಳೆಯ ನಿಘಂಟು ಬಾಯಿಪಾಠವಾಗಿತ್ತು, ಅದನ್ನೇ ಒಪ್ಪಿಸುತ್ತಾ, ಹೊಸದನ್ನು ಅಂದಾಜಿನಲ್ಲಿ ಸೇರಿಸುತ್ತಿದ್ದರು.

ಯಾರಿಗಾದರೂ ಹೇಳಿಬಿಡಬಹುದಿತ್ತು. ಆದರೆ ಹೆಂಡತಿ ಸತ್ತ ಮೇಲೆ ಒಮ್ಮೆ, "ಮನೇಲಿ ನಾನು ಬಾಯಿ ಬಿಡೋದೇ ಇಲ್ಲ ಐಲ್ಸಾ, ಯಾರಿಗಂತ ಮಾತಾಡ್ಲಿ?" ಅಂದಿದ್ದರು. ವಿಷಯ ಗೊತ್ತಾದರೆ ಅವರನ್ನು ಆ ಮನೆಗೇ ಕಳಿಸುತ್ತಾರೆ. ಅದಕ್ಕೇ ಅವರು ಚಹಾಕ್ಕೆ ಎದ್ದಾಗಲೆಲ್ಲ ಅವರ ಹಾಳೆ ಎಳೆದುಕೊಂಡು ನಾನೊಬ್ಬಳೇ ತಾಳೆ ನೋಡುತ್ತಿದ್ದೆ.

"ಏನೇ ಹುಡುಗಿ, ದನಿ ನಡುಗ್ತಿದೆ?" ಊಟದ ಹೊತ್ತಿಗೆ ಟುಲಕ್ ಕೇಳಿದರು.

"ಚಳಿ."

"ಜೂನ್ ತಿಂಗಳಲ್ಲಾ? ಎರಡು ಸ್ಕೋನ್ ತಿನ್ನು, ಸರಿಹೋಗುತ್ತೆ."

ಮಧ್ಯಾಹ್ನ ಮಿಸ್ ರಾಂಕಿನ್ ನನ್ನ ಕೈಯಿಂದ ಕರಡನ್ನು ತಾನೇ ತೆಗೆದುಕೊಂಡು ಮೊದಲ ಪದ ಕೂಗಿದಳು. ಟುಲಕ್ ಗಂಟಲು ಸರಿಮಾಡಿಕೊಂಡರು. "ಸಿ, ಓ, ಎಲ್, ಓ, ಯು, ಆರ್..."

ಮಿಸ್ ರಾಂಕಿನ್ ಪೆನ್ಸಿಲ್ ನಿಂತಿತು. ಹೊಸ ಪ್ರತಿಯಲ್ಲಿ 'ಯು' ಇಲ್ಲದ ಅಮೆರಿಕನ್ ರೂಪವೇ ಮೊದಲಿತ್ತು. ಆಕೆ ಅವರ ಕೈಯಲ್ಲಿದ್ದ ಹಾಳೆಯತ್ತ ಬಗ್ಗಿ ನೋಡಿದಳು. ನಾನು ನಡುವೆ ಬಾಯಿ ಹಾಕಿದೆ.

"ತಪ್ಪು ನಂದು ಮೇಡಂ! ಹಳೇ ಪ್ರತಿ ಕೊಟ್ಬಿಟ್ಟಿದ್ದೀನಿ."

"ಸುಮ್ನಿರು," ಟುಲಕ್ ಗದರಿದರು. ಹಾಳೆ ಮೇಜಿನ ಮೇಲಿಟ್ಟರು. "ನಂಗೆ ಕಣ್ಣು ಕಾಣ್ಸಲ್ಲ ಮೇಡಂ. ಈ ಹುಡುಗಿ ಒಂದ್ಸಲಾನೂ ತಡೀಲಿಲ್ಲ, ಸರಿಯಾಗೇ ಹೇಳ್ತಿದ್ದೀನಿ ಅಂದ್ಕೊಂಡಿದ್ದೆ. ಅಯ್ಯೋ, ನಾನು ಓದಿದ ಪುಟಗಳೆಲ್ಲ ತಪ್ಪೇ ಅಚ್ಚಾಗ್ಬಿಟ್ವಾ?"

"ಇಲ್ಲ," ಮಿಸ್ ರಾಂಕಿನ್ ಮೆಲ್ಲಗೆ ಹೇಳಿದಳು. "ನಿನ್ನೆವರೆಗಿನ ಪುಟ ಎಲ್ಲಾ ನೋಡಿದೀನಿ. ಒಂದೂ ತಪ್ಪಿಲ್ಲ."

ಉಳಿಯಿತು ಜೀವ ಅಂದುಕೊಂಡೆ. ಟುಲಕ್ ಮುಖ ಮಾತ್ರ ಇಳಿದುಹೋಯಿತು. ನಾನು ಕೂತ ಕಡೆಗೆ ತಿರುಗಿದರು.

"ಹಾಗಾದ್ರೆ ಎಲ್ಲಾ ನೀನೇ ನೋಡ್ಕೊಂಡೆ. ನಾನು ಓದ್ತಿದ್ದಾಗ ನೀನು ಕೇಳ್ತಾನೇ ಇರ್ಲಿಲ್ವಾ?"

"ಕೇಳ್ತಿದ್ದೆ. ದೇವರಾಣೆ, ಕೇಳ್ತಿದ್ದೆ."

ಅವರು ನಂಬಲಿಲ್ಲ. ಎದ್ದು, ನೇತುಹಾಕಿದ್ದ ಕೋಟು ಹುಡುಕುತ್ತಾ ಗೋಡೆ ತಡಕಾಡಿದರು. ಎತ್ತಿಕೊಡಲು ಹೋದೆ, ನನ್ನ ಕೈ ಸರಿಸಿದರು.